ಮಂಜುಗಡ್ಡೆಯ ಮೇಲೊಂದು ಕುರ್ಚಿ

ಹಾಲೆಂಡಿನ ಮಹಾಬಂದರಾದ ರಾಟರ್‌ಡ್ಯಾಮಿನಿಂದ ಪಶ್ಚಿಮಕ್ಕೆ ಹೊರಡುವ ರೈಲನ್ನು ಹತ್ತಿದ ಪ್ರವಾಸಿಯು ತನ್ನ ಕೈಚೀಲವನ್ನು ಸರಿಯಾಗಿ ಇರಿಸಿಕೊಳ್ಳುವಷ್ಟರಲ್ಲಿಯೇ ಸ್ಖೀಡಾಮ್ ಬಂದುಬಿಡುತ್ತದೆ. ಐದಾರು ನಿಮಿಷಗಳ ಪಯಣ. ಬಹುಮಂದಿ ಅಲ್ಲಿ ಇಳಿಯುವುದೇ ಇಲ್ಲ; ಡೆಲ್ಫ್ಟಿನ ನೀಲಿ ಪಿಂಗಾಣಿಯನ್ನೋ, ಹೇಗ್ ನಗರದ ಚಿತ್ರಶಾಲೆಗಳನ್ನೋ ನೆನೆಯುತ್ತ ಮುಂದೆ ಸಾಗಿಬಿಡುತ್ತಾರೆ. ಇಳಿದವರಿಗೆ ಮಾತ್ರ ಈ ಸಣ್ಣ ಊರು ಎರಡು ಸಂಗತಿಗಳನ್ನು ತೋರಿಸುತ್ತದೆ. ಒಂದು, ಆಕಾಶದ ಕಡೆಗೆ ಎದ್ದು ನಿಂತದ್ದು. ಇನ್ನೊಂದು, ನೆಲಕ್ಕೆ ಬಿದ್ದದ್ದು.

ಎದ್ದು ನಿಂತವು ಅಲ್ಲಿನ ಗಾಳಿಯಂತ್ರಗಳು. ಹಾಲೆಂಡಿನಲ್ಲಿ ಗಾಳಿಯಂತ್ರವಿಲ್ಲದ ಊರು ಅಪರೂಪ. ಆದರೆ ಸ್ಖೀಡಾಮಿನವು ಪ್ರಪಂಚದಲ್ಲಿಯೇ ಅತ್ಯಂತ ಎತ್ತರವಾದವೆಂದು ಹೆಸರಾದವು. ಅವುಗಳಲ್ಲಿ 'ಡಿ ನೂರ್ಡ್' ಎಂಬುದರ ಗೋಪುರ 33 ಮೀಟರಿಗೂ ಮಿಕ್ಕಿದೆ. ಇಷ್ಟು ಎತ್ತರ ಏಕೆ ಬೇಕಾಯಿತೆಂಬುದಕ್ಕೆ ಕಾರಣವುಂಟು. ಜೂನಿಪರ್ ಕಾಯಿಯ ಪರಿಮಳವುಳ್ಳ 'ಯೆನೇವರ್' ಎಂಬ ಮದ್ಯವನ್ನು ಬಟ್ಟಿಯಿಳಿಸುವುದು ಈ ಊರಿನ ಕಸುಬಾಗಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು 400 ಭಟ್ಟಿಗಳು ಇಲ್ಲಿ ಹಗಲಿರುಳು ಹೊಗೆಯುಗುಳುತ್ತಿದ್ದವು. ಅದಕ್ಕೆ ಬೇಕಾದ ಮೊಳಕೆಗಾಳನ್ನು ಬೀಸಲು ಗಾಳಿಯಂತ್ರಗಳು ಬೇಕು. ಸುತ್ತಲಿನ ಉಗ್ರಾಣಗಳೂ ಮನೆಗಳೂ ಗಾಳಿಯನ್ನು ಅಡ್ಡಗಟ್ಟಿದಾಗ ಯಂತ್ರಗಳು ಅವುಗಳ ತಲೆಯ ಮೇಲಕ್ಕೆ ಬೆಳೆಯದೆ ಬೇರೆ ದಾರಿಯಿರಲಿಲ್ಲ. ಮಸಿ ಹಿಡಿದ ಗೋಡೆಗಳ ಈ ಊರಿಗೆ 'ಕಪ್ಪು ನಜರೇತ್' ಎಂಬ ಅಡ್ಡಹೆಸರೂ ಬಂದಿತ್ತು.

ಬಿದ್ದದ್ದು ಒಬ್ಬ ಹುಡುಗಿ. ಮದ್ಯದ ಭಟ್ಟಿಗಳಿಗಿಂತಲೂ ಗಾಳಿಯಂತ್ರಗಳಿಗಿಂತಲೂ ಬಹಳ ಹಿಂದೆ, ಆರು ನೂರು ವರ್ಷಗಳಿಗೂ ಹಿಂದೆ, ಇಲ್ಲಿನ ಹೆಪ್ಪುಗಟ್ಟಿದ ನೀರಿನ ಮೇಲೆ ಬಿದ್ದಳು. ಆ ಬಿದ್ದ ಗಳಿಗೆಯನ್ನು ಊರು ಇನ್ನೂ ಮರೆತಿಲ್ಲ. ವೈದ್ಯರೂ ಮರೆತಿಲ್ಲ.

ನಡೆಯುವವನ ಊರು

ಆಕೆಯ ಕಥೆಗೆ ಮೊದಲು ಊರಿನ ನೆಲವನ್ನು ಒಮ್ಮೆ ನೋಡಬೇಕು. ಸ್ಖೀ ಎಂಬ ಸಣ್ಣ ನದಿಗೆ ಹದಿಮೂರನೆಯ ಶತಮಾನದಲ್ಲಿ ಕಟ್ಟಿದ ಅಣೆಕಟ್ಟೇ ಊರಿಗೆ ಹೆಸರು ಕೊಟ್ಟಿತು. 1275ರಲ್ಲಿ ಅದಕ್ಕೆ ಪಟ್ಟಣದ ಹಕ್ಕುಗಳು ದೊರೆತವು. ದೇಶವೇ ಅಂಗೈಯಂತೆ ಸಮತಟ್ಟು, ಬೆಟ್ಟವೆಂಬುದಿಲ್ಲ, ದಿಣ್ಣೆಯೆಂಬುದಿಲ್ಲ. ಇಂತಹ ನಾಡಿನಲ್ಲಿ ಎಡವಿ ಬೀಳುವುದಾದರೂ ಹೇಗೆ ಎಂದು ಮಲೆನಾಡಿನ ಏರಿಳಿತಗಳಲ್ಲಿ ಬೆಳೆದವರಿಗೆ ತೋರಬಹುದು.

ಆದರೆ 'ಲಾಂಗೆ ಹಾವನ್' ಎಂಬ ಹಳೆಯ ಕಾಲುವೆಯ ದಂಡೆಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಸಾಕು, ಸಮತಟ್ಟಾದ ನೆಲವೂ ಕಾಲಿಗೆ ಎಷ್ಟು ಪ್ರಶ್ನೆಗಳನ್ನು ಹಾಕುತ್ತದೆಂಬುದು ತಿಳಿಯುತ್ತದೆ. ಬೀದಿಗೆ ಹಾಸಿರುವುದು ಇಟ್ಟಿಗೆ. ಒಂದು ಇಟ್ಟಿಗೆ ಎದ್ದಿದ್ದರೆ ಪಕ್ಕದ್ದು ತಗ್ಗಿದೆ. ದೋಣಿಗಳಿಗೆ ದಾರಿ ಬಿಡಲು ಮೇಲಕ್ಕೆತ್ತುವ ಸೇತುವೆಗಳ ಬಳಿ ಹಾದಿ ದಿಢೀರನೆ ಏರಿ ದಿಢೀರನೆ ಇಳಿಯುತ್ತದೆ. ಶರತ್ಕಾಲದಲ್ಲಿ ಉದುರಿದ ಎಲೆ ಮಳೆಯಲ್ಲಿ ನೆನೆದು ಪಾಚಿಯಂತೆ ಜಾರುತ್ತದೆ. ಹಳೆಯ ಮನೆಗಳ ಒಳಗೆ ಹೋದರೆ ಮೆಟ್ಟಿಲೆಂಬುದು ಮೆಟ್ಟಿಲಲ್ಲ, ಏಣಿ. ಜಾಗ ಸಾಲದ ನಾಡಿನಲ್ಲಿ ಅಟ್ಟಕ್ಕೆ ಹೋಗುವ ದಾರಿ ಅಷ್ಟು ಕಡಿದಾಗಿದೆ. ಪಾದದ ಅರ್ಧಭಾಗವಷ್ಟೇ ಅದರ ಮೇಲೆ ನಿಲ್ಲುತ್ತದೆ.

ಆರೋಗ್ಯವಂತನು ಇವೆಲ್ಲವನ್ನೂ ಗಮನಿಸುವುದೇ ಇಲ್ಲ. ಆತನ ಕಣ್ಣು, ಒಳಗಿವಿಯಲ್ಲಿರುವ ಸಮತೋಲನದ ಅಂಗ, ಅಂಗಾಲು, ಕೀಲುಗಳು - ಇವೆಲ್ಲ ಕ್ಷಣಕ್ಷಣಕ್ಕೂ ಮಿದುಳಿಗೆ ವರದಿ ಒಪ್ಪಿಸುತ್ತಿರುತ್ತವೆ. ಮಿದುಳು ಆತನಿಗೆ ತಿಳಿಯದಂತೆಯೇ ಸ್ನಾಯುಗಳಿಗೆ ಅಪ್ಪಣೆ ಕಳುಹಿಸುತ್ತಿರುತ್ತದೆ. ಈ ವರದಿಯೂ ಅಪ್ಪಣೆಯೂ ದಾರಿಯಲ್ಲಿ ತಡವಾದರೆ? ಅರ್ಧಕ್ಕೇ ನಿಂತುಹೋದರೆ? ಆಗ ಎದ್ದಿರುವ ಒಂದು ಇಟ್ಟಿಗೆಯೇ ಬೆಟ್ಟವಾಗುತ್ತದೆ.

ಲಿಡ್ವಿನಾ ಬಿದ್ದ ದಿನ

1380ರಲ್ಲಿ ಈ ಊರಿನ ಒಂದು ಬಡ ಕುಟುಂಬದಲ್ಲಿ ಲಿಡ್ವಿನಾ ಹುಟ್ಟಿದಳು. ಎಂಟು ಮಂದಿ ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣು. 1395-96ರ ಚಳಿಗಾಲದಲ್ಲಿ, ಹದಿನೈದು ತುಂಬಿದ್ದ ಹುಡುಗಿ ಗೆಳತಿಯರೊಡನೆ ಮಂಜುಗಡ್ಡೆಯ ಮೇಲೆ ಜಾರುತ್ತ ಆಡುತ್ತಿದ್ದಳು. ಹಿಂದಿನಿಂದ ವೇಗವಾಗಿ ಬಂದ ಗೆಳತಿಯೊಬ್ಬಳು ಡಿಕ್ಕಿ ಹೊಡೆದಳು. ಲಿಡ್ವಿನಾ ಮಂಜುಗಡ್ಡೆಯ ಮೇಲೆ ಬಿದ್ದಳು. ಬಲಮಗ್ಗುಲಿನ ಒಂದು ಪಕ್ಕೆಲುಬು ಮುರಿಯಿತು.

ಬೇರೆ ಹುಡುಗಿಯಾಗಿದ್ದರೆ ಕೆಲವು ವಾರಗಳಲ್ಲಿ ಮೂಳೆ ಕೂಡಿಕೊಂಡು ಮುಂದಿನ ಚಳಿಗಾಲಕ್ಕೆ ಮತ್ತೆ ಆಟಕ್ಕಿಳಿಯುತ್ತಿದ್ದಳು. ಲಿಡ್ವಿನಾ ಮಾತ್ರ ಚೇತರಿಸಿಕೊಳ್ಳಲಿಲ್ಲ. ನೋವು ಹೆಚ್ಚಿತು. ನಡಿಗೆ ಕೆಟ್ಟಿತು. ಮನೆಯೊಳಗಿನ ಕುರ್ಚಿ ಬೆಂಚುಗಳನ್ನು ಹಿಡಿದು ಹಿಡಿದು ಓಡಾಡುತ್ತಿದ್ದಳೆಂದು ಚರಿತೆಕಾರರು ಬರೆಯುತ್ತಾರೆ. ಹತ್ತೊಂಬತ್ತು ವರ್ಷವಾಗುವ ವೇಳೆಗೆ ಕಾಲುಗಳ ಸ್ವಾಧೀನ ತಪ್ಪಿತ್ತು, ದೃಷ್ಟಿಯೂ ಕೆಟ್ಟಿತ್ತು. ನಡುನಡುವೆ ಸ್ವಲ್ಪ ಸುಧಾರಿಸಿದಂತೆ ತೋರಿ, ಮತ್ತೆ ಕೆಳಗಿಳಿದು, ವರ್ಷಗಳುರುಳಿದಂತೆ ದೇಹ ಅಂಗುಲ ಅಂಗುಲವಾಗಿ ಆಕೆಯ ಮಾತು ಕೇಳದಾಯಿತು. 1433ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಬಿದ್ದ ದಿನದಿಂದ ಸಾಯುವ ದಿನದವರೆಗೆ ಸುಮಾರು 38 ವರ್ಷ. ಅದರ ಬಹುಭಾಗ ಹಾಸಿಗೆಯ ಮೇಲೆ.

ಆಕೆಯ ಸಹನೆಯನ್ನು ಕಂಡ ಜನ ಬದುಕಿದ್ದಾಗಲೇ ಆಕೆಯನ್ನು ಪುಣ್ಯವಂತೆಯೆಂದು ಭಾವಿಸಿದರು. ಅನ್ನಾಹಾರವಿಲ್ಲದೆ ಆಕೆ ಬದುಕಿದ್ದಾಳೆಂಬ ಸುದ್ದಿಗೆ ಪಟ್ಟಣದ ಅಧಿಕಾರಿಗಳು 1421ರಲ್ಲಿ ಮುದ್ರೆಯೊತ್ತಿದ ಪತ್ರವನ್ನೇ ಹೊರಡಿಸಿದರು. ಪ್ರಸಿದ್ಧ ಭಕ್ತಲೇಖಕನಾದ ಥಾಮಸ್ ಆ ಕೆಂಪಿಸ್ ಆಕೆಯ ಚರಿತ್ರೆಯನ್ನು ಬರೆದನು. ಯೋಹಾನ್ನೆಸ್ ಬ್ರೂಗ್‌ಮನ್ ಎಂಬ ಸಂನ್ಯಾಸಿ ಬರೆದ ಇನ್ನೊಂದು ಚರಿತ್ರೆ 1498ರಲ್ಲಿ ಸ್ಖೀಡಾಮಿನಲ್ಲಿಯೇ ಅಚ್ಚಾಯಿತು. ಅದರಲ್ಲಿ ಮರದಚ್ಚಿನ ಒಂದು ಚಿತ್ರವಿದೆ. ಮಂಜುಗಡ್ಡೆಯ ಮೇಲೆ ಬಿದ್ದ ಹುಡುಗಿ. ಬಾಗಿ ಆಕೆಯನ್ನು ಹಿಡಿದೆತ್ತುತ್ತಿರುವ ಗೆಳತಿಯರು. ಹಿನ್ನೆಲೆಯಲ್ಲಿ ಏನನ್ನೂ ಅರಿಯದೆ ಜಾರುತ್ತ ಸಾಗುತ್ತಿರುವ ಒಬ್ಬ ಗಂಡಸು. ಈ ಆಟವನ್ನು ತೋರಿಸುವ ಅತ್ಯಂತ ಹಳೆಯ ಮುದ್ರಿತ ಚಿತ್ರಗಳಲ್ಲಿ ಇದೂ ಒಂದು. ಎಂತಹ ವಿಚಿತ್ರ! ಜಾರಾಟದ ಚರಿತ್ರೆ ತೆರೆದುಕೊಳ್ಳುವುದು ಬಿದ್ದವಳ ಚಿತ್ರದಿಂದ.

1890ರಲ್ಲಿ ಹದಿಮೂರನೆಯ ಲಿಯೋ ಪೋಪರು ಆಕೆಯನ್ನು ಸಂತಳೆಂದು ಸಾರಿದರು. ಮಂಜುಗಡ್ಡೆಯ ಮೇಲೆ ಆಡುವವರಿಗೂ ದೀರ್ಘರೋಗಿಗಳಿಗೂ ಆಕೆಯೇ ರಕ್ಷಕಳೆಂದು ಅಲ್ಲಿನ ಕ್ಯಾಥಲಿಕರ ನಂಬಿಕೆ. ಊರಿನಲ್ಲಿ ಆಕೆಯ ಹೆಸರಿನ ಬೆಸಿಲಿಕಾ ಇದೆ. ಹದಿನೇಳನೆಯ ಶತಮಾನದಲ್ಲಿ ಬ್ರಸೆಲ್ಸಿಗೆ ಹೋಗಿದ್ದ ಆಕೆಯ ಅಸ್ಥಿಗಳು 1871ರಲ್ಲಿ ಹುಟ್ಟೂರಿಗೆ ಮರಳಿದವು.

ರೋಗಕ್ಕೆ ಹೆಸರು ಬಂದ ಮೇಲೆ

ಲಿಡ್ವಿನಾ ತೀರಿಕೊಂಡು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1868ರಲ್ಲಿ, ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ವೈದ್ಯ ಜಾನ್ ಮಾರ್ಟಿನ್ ಶಾರ್ಕೋ ಒಂದು ನರರೋಗದ ಲಕ್ಷಣಗಳನ್ನು ಕ್ರಮವಾಗಿ ವಿವರಿಸಿ ಅದಕ್ಕೆ ಸ್ಪಷ್ಟರೂಪವನ್ನು ಕೊಟ್ಟನು. ಅದೇ ಈಗ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಪ್ರಪಂಚಕ್ಕೆಲ್ಲ ತಿಳಿದಿರುವ ರೋಗ. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾಪಡೆಯೇ ದಾರಿತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುತ್ತದೆ. ಕೆಟ್ಟ ಜಾಗದಲ್ಲಿ ಗಡುಸಾದ ಕಲೆಗಳು ಉಳಿಯುತ್ತವೆ. ಅಲ್ಲಿ ಸಂದೇಶ ನಿಧಾನವಾಗುತ್ತದೆ, ಇಲ್ಲವೆ ನಿಲ್ಲುತ್ತದೆ. ಕಲೆ ಎಲ್ಲಿ ಬಿತ್ತೋ ಅದಕ್ಕೆ ತಕ್ಕ ತೊಂದರೆ - ಕಣ್ಣಿನ ನರದಲ್ಲಿ ಬಿದ್ದರೆ ದೃಷ್ಟಿ, ಕಿರುಮಿದುಳಿನಲ್ಲಿ ಬಿದ್ದರೆ ಸಮತೋಲನ, ಬೆನ್ನುಹುರಿಯಲ್ಲಿ ಬಿದ್ದರೆ ಕಾಲು.

ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಬಾಳು ಅರಳುವ ಕಾಲದಲ್ಲಿಯೇ ಇದು ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗವಿದೆಯೆಂದು 2020ರ ವಿಶ್ವಗಣನೆ ತಿಳಿಸಿತು.

ಲಿಡ್ವಿನಾಳ ಬಾಧೆ ಇದೇ ಆಗಿರಬಹುದೆಂಬ ಊಹೆಯನ್ನು 1979ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯ ಲೇಖನ ವಿಚಾರಿಸಿತು. ಎಳೆಯ ಪ್ರಾಯ, ಏರಿಳಿಯುತ್ತ ಸಾಗಿದ ರೋಗ, ಕಾಲಿನ ದೌರ್ಬಲ್ಯ, ಕಣ್ಣಿನ ತೊಂದರೆ - ಹೋಲಿಕೆಗಳೇನೋ ಉಂಟು. ಆದರೆ ಭಕ್ತರು ಬರೆದ ಚರಿತ್ರೆಗಳನ್ನಿಟ್ಟುಕೊಂಡು ಆರು ಶತಮಾನಗಳಾಚೆಯ ರೋಗಿಯ ನಾಡಿ ಹಿಡಿಯುವುದು ಸುಲಭವಲ್ಲ, ಒಪ್ಪದವರೂ ಇದ್ದಾರೆ. ಒಂದು ಮಾತನ್ನು ಮಾತ್ರ ವಿಜ್ಞಾನ ಬಹುಮಟ್ಟಿಗೆ ಸ್ಪಷ್ಟಪಡಿಸಿದೆ: ಬಿದ್ದ ಪೆಟ್ಟಿನಿಂದ ಈ ರೋಗ ಹುಟ್ಟುವುದಿಲ್ಲ. ಹಾಗಾದರೆ ಸ್ಖೀಡಾಮಿನ ಜನ ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಯನ್ನು ತಿರುಗಿಸಿ ಓದಬೇಕಾಗುತ್ತದೆ. ಬಿದ್ದದ್ದರಿಂದ ರೋಗ ಬಂದುದಲ್ಲ, ರೋಗವುಳ್ಳವರು ಬೀಳುತ್ತಾರೆ.

ಬೀಳುವುದೂ ಎಷ್ಟು! ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ರೋಗವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇವಲ ಮೂರು ತಿಂಗಳ ಅವಧಿಯಲ್ಲಿ ಒಮ್ಮೆಯಾದರೂ ಬೀಳುತ್ತಾರೆಂದು ಕಂಡುಬಂದಿದೆ. ಮುಪ್ಪಿನವರಲ್ಲ, ಕಚೇರಿಗೆ ಹೋಗುವವರು, ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಂದಿರು. ಬೀಳುವ ಜಾಗವೂ ಮಂಜುಗಡ್ಡೆಯಲ್ಲ, ಸೇತುವೆಯಲ್ಲ. ಬಹುಪಾಲು ಅವರವರ ಮನೆಯೇ. ಹಾಸಿಗೆಯಿಂದೇಳುವಾಗ, ಹಠಾತ್ತನೆ ಹಿಂದಿರುಗಿ ನೋಡುವಾಗ, ಕೈಯಲ್ಲಿ ತಟ್ಟೆ ಹಿಡಿದು ಅಡಿಗೆಮನೆಯಿಂದ ಹೊರಬರುವಾಗ.

ಮೀಸೆ ಮಣ್ಣಾದ ಸಂಗತಿ

ಭಟ್ಟಿಗಳ ಊರಾದ ಸ್ಖೀಡಾಮಿನಲ್ಲಿ ತೂರಾಡುತ್ತ ನಡೆಯುವವನನ್ನು ಕಂಡರೆ ಒಂದು ಕಾಲದಲ್ಲಿ ಜನ ಏನೆಂದುಕೊಳ್ಳುತ್ತಿದ್ದಿರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಆ ಊರಿನಲ್ಲೇಕೆ, ಎಲ್ಲ ಊರುಗಳಲ್ಲಿಯೂ ಈ ರೋಗಿಗಳ ಬಹು ದೊಡ್ಡ ನೋವು ಇದೇ. ಕಿರುಮಿದುಳಿನ ಹಿಡಿತ ತಪ್ಪಿದವನ ನಡಿಗೆಯೂ ಕುಡಿದವನ ನಡಿಗೆಯೂ ನೋಡುವ ಕಣ್ಣಿಗೆ ಒಂದೇ. ಹೀಗಾಗಿ ಬಿದ್ದವರು ಬಿದ್ದುದನ್ನು ಬಚ್ಚಿಡುತ್ತಾರೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ನಗೆಗಾಗಿ ಹೇಳುವುದುಂಟು. ಇಲ್ಲಿ ಅದು ನಗೆಯ ಮಾತಲ್ಲ. ಮೊಣಕೈಯ ತರಚನ್ನು ತೋಳಿನ ಅಂಗಿಯೊಳಗೆ ಮುಚ್ಚಿಕೊಂಡು, ವೈದ್ಯನಿಗೂ ಹೇಳದೆ, ಹೆಂಡತಿಗೂ ಹೇಳದೆ ಇರುವವರಿಗೆ ಎರಡನೆಯ ಸಲ ಬೀಳುವ ದಾರಿ ತೆರೆದೇ ಇರುತ್ತದೆ.

ಹೇಳಿದರೆ ಏನು ಲಾಭ? ಲಾಭವಿದೆ. ಬೀಳುವುದು ದೈವದ ಆಟದಂತೆ ತೋರಿದರೂ ಅದಕ್ಕೆ ಎಣಿಸಬಹುದಾದ ಕಾರಣಗಳುಂಟು. ಎಣಿಸಬಹುದಾದುದನ್ನು ಒಂದೊಂದಾಗಿ ಕಳೆಯಲೂಬಹುದು. ಒಬ್ಬರಿಗೆ ಪಾದದ ಮುಂಭಾಗ ಜೋತುಬಿದ್ದು ನೆಲಕ್ಕೆ ತಗಲುತ್ತಿರಬಹುದು. ಅದಕ್ಕೆ ಹಿಮ್ಮಡಿಗೂ ಕಣಕಾಲಿಗೂ ಆಧಾರವಾಗುವ ಪಟ್ಟಿಯುಂಟು. ಒಬ್ಬರಿಗೆ ಸ್ನಾಯುಗಳ ಬಿಗಿತ. ಒಬ್ಬರಿಗೆ ಆ ಬಿಗಿತವನ್ನು ಸಡಿಲಿಸಲು ಕೊಟ್ಟ ಔಷಧದಿಂದಲೇ ಬಂದ ಮಂಪರು - ಅದನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಹೊಂದಿಸುತ್ತಾರೆ. ಮೂತ್ರದ ಅವಸರ ತಡೆಯಲಾರದೆ ಕತ್ತಲಲ್ಲಿ ಓಡುವವರು ಬೀಳುತ್ತಾರೆ. ಗೊತ್ತಾದ ಹೊತ್ತಿಗೆ ಹೋಗಿಬರುವ ಅಭ್ಯಾಸವೂ ದಾರಿಯಲ್ಲೊಂದು ಸಣ್ಣ ದೀಪವೂ ಆ ಓಟವನ್ನು ತಪ್ಪಿಸುತ್ತವೆ. ನಡೆಯುವುದೂ ಮಾತನಾಡುವುದೂ ಒಟ್ಟಿಗೆ ಸಾಗದವರುಂಟು. ಅಂತಹವರು ಉತ್ತರ ಹೇಳಬೇಕಾದಾಗ ನಿಂತು ಹೇಳುವುದು ಲೇಸು, ಮನೆಯವರೂ ಅವರು ನಡೆಯುತ್ತಿರುವಾಗ ಹಿಂದಿನಿಂದ ಕೂಗದಿರುವುದು ಲೇಸು. ಬೆಳಗ್ಗೆ ಚೆನ್ನಾಗಿ ನಡೆದವರು ಸಂಜೆಯ ದಣಿವಿನಲ್ಲಿ ಹೆಜ್ಜೆ ತಪ್ಪುತ್ತಾರೆ. ಹೊರಗಿನ ಕೆಲಸವನ್ನು ಬೆಳಗಿಗೆ ಹಾಕಿಕೊಳ್ಳುವುದೂ ಒಂದು ಔಷಧವೇ.

ಬಿಸಿನೀರಿನ ವಿಷಯವೊಂದಿದೆ, ಅದು ಕನ್ನಡ ನಾಡಿನ ಮನೆಗಳಿಗೆ ನೇರವಾಗಿ ಮುಟ್ಟುವ ಮಾತು. ಮೈಬಿಸಿ ಸ್ವಲ್ಪ ಏರಿದರೂ ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಇನ್ನಷ್ಟು ಕುಂಠಿತವಾಗುತ್ತದೆಂಬುದನ್ನು ಜರ್ಮನ್ ನೇತ್ರವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್‌ನ 1890ರ ಅವಲೋಕನದಿಂದೀಚೆಗೆ ವೈದ್ಯರು ಬಲ್ಲರು. ಈಗಿನ ಪರೀಕ್ಷಾಯಂತ್ರಗಳಿಲ್ಲದ ದಿನಗಳಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿ, ಲಕ್ಷಣಗಳು ಹೆಚ್ಚುತ್ತವೆಯೇ ಎಂದು ನೋಡಿ ರೋಗವನ್ನು ಗುರುತಿಸುತ್ತಿದ್ದುದೂ ಉಂಟು. ತಂಪಾದ ಮೇಲೆ ಕಾಲು ಮೊದಲಿನಂತಾಗುತ್ತದೆ. ಆದರೆ ಅಷ್ಟರೊಳಗೆ ಬಿದ್ದಿರಬಹುದು. ಹಬ್ಬದ ದಿನ ಹಂಡೆಯ ಕುದಿಕುದಿ ನೀರು, ಮೈತುಂಬ ಎಣ್ಣೆ, ಬಚ್ಚಲಿನ ನುಣುಪು ಕಲ್ಲು, ಸೀಗೆಪುಡಿ ಬಿದ್ದು ಮುಚ್ಚಿಕೊಂಡ ಕಣ್ಣು - ಇವೆಲ್ಲ ಒಂದಾದರೆ ಸ್ಖೀಡಾಮಿನ ಮಂಜುಗಡ್ಡೆಯೂ ಇಷ್ಟು ಜಾರುವುದಿಲ್ಲ. ಅಂಗಾಲಿನ ಅರಿವು ಕುಂದಿದವರು ನಿಲ್ಲುವುದು ಕಣ್ಣಿನ ಬಲದಿಂದ. ಕಣ್ಣು ಮುಚ್ಚಿದೊಡನೆ ವಾಲುತ್ತಾರೆ. ಅಭ್ಯಂಜನವನ್ನು ಬಿಡಬೇಕಾಗಿಲ್ಲ. ಉಗುರುಬೆಚ್ಚಗಿನ ನೀರು, ಕುಳಿತುಕೊಳ್ಳಲು ಅಲುಗದ ಮಣೆ ಅಥವಾ ಕುರ್ಚಿ, ಗೋಡೆಗೆ ಭದ್ರವಾಗಿ ಕೂಡಿಸಿದ ಒಂದು ಹಿಡಿಕಂಬಿ, ಒಳಗಿನಿಂದ ಹಾಕದ ಚಿಲಕ - ಇಷ್ಟಿದ್ದರೆ ಹಬ್ಬ ಹಬ್ಬವಾಗಿಯೇ ಉಳಿಯುತ್ತದೆ.

ಎರಡನೆಯ ಬೀಳುವಿಕೆ

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದು ರೋಗಿಯದಷ್ಟೇ ಅಲ್ಲ, ಮನೆಯವರದೂ ಹೌದು. ಒಮ್ಮೆ ಬಿದ್ದವರನ್ನು ಮತ್ತೆ ನಡೆಯಬಿಡುವುದು ಹೇಗೆ? "ನೀನು ಏಳಬೇಡಮ್ಮ, ಬೇಕಾದ್ದನ್ನು ನಾನು ತಂದುಕೊಡುತ್ತೇನೆ" ಎನ್ನುವ ಮಾತಿನಲ್ಲಿ ಪ್ರೀತಿ ತುಂಬಿದೆ. ಆದರೆ ಆ ಪ್ರೀತಿ ತಿಂಗಳುಗಟ್ಟಲೆ ಮುಂದುವರಿದರೆ ಏನಾಗುತ್ತದೆ? ನಡೆಯದ ಕಾಲು ಇನ್ನಷ್ಟು ಸೊರಗುತ್ತದೆ. ಭಾರ ಹೊರದ ಮೂಳೆ ಟೊಳ್ಳಾಗುತ್ತದೆ. ರೋಗ ಉಲ್ಬಣಿಸಿದಾಗ ಕೊಡುವ ಸ್ಟಿರಾಯ್ಡ್ ಔಷಧವನ್ನು ಪದೇ ಪದೇ ತೆಗೆದುಕೊಂಡವರಲ್ಲಿ ಮೂಳೆಗೆ ಮೊದಲೇ ಅಪಾಯವುಂಟು. ಸಮತೋಲನದ ಅಭ್ಯಾಸ ತಪ್ಪುತ್ತದೆ. ಕೊನೆಗೆ ಎದ್ದ ದಿನ ಬೀಳುವುದೂ ಸುಲಭ, ಮುರಿಯುವುದೂ ಸುಲಭ. ಭಯದಿಂದ ಹಾಸಿಗೆ ಹಿಡಿಯುವುದೆಂದರೆ ಅದೇ ಎರಡನೆಯ ಬೀಳುವಿಕೆ. ಮೊದಲನೆಯದರಲ್ಲಿ ಸದ್ದಾಗುತ್ತದೆ, ನಾಲ್ಕು ಜನ ಓಡಿಬರುತ್ತಾರೆ. ಎರಡನೆಯದರಲ್ಲಿ ಸದ್ದೇ ಇಲ್ಲ.

ಲಿಡ್ವಿನಾಳ ಕಾಲಕ್ಕೆ ಬೇರೆ ದಾರಿ ತಿಳಿದಿರಲಿಲ್ಲ. ಹಿಡಿಯಲು ಕುರ್ಚಿ, ಅದಾದ ಮೇಲೆ ಹಾಸಿಗೆ. ನಡುವೆ ಏನೂ ಇರಲಿಲ್ಲ. ಈ ಎರಡರ ನಡುವೆ ಇರುವ ವಿಶಾಲವಾದ ಜಾಗವನ್ನು ಕಂಡುಕೊಂಡದ್ದೇ ಇತ್ತೀಚಿನ ವೈದ್ಯಶಾಸ್ತ್ರದ ಸಾಧನೆ. ರೋಗದ ಉಲ್ಬಣವನ್ನು ತಗ್ಗಿಸುವ ಔಷಧಗಳು 1990ರ ದಶಕದಿಂದ ದೊರೆಯುತ್ತಿವೆ. ಅಂಗಸಾಧನೆಯ ತಜ್ಞರು ಕಲಿಸುವ ಸಮತೋಲನದ ವ್ಯಾಯಾಮಗಳುಂಟು: ಪಾದಗಳನ್ನು ಜೋಡಿಸಿ ನಿಲ್ಲುವುದು, ಒಂದರ ಮುಂದೊಂದಿಟ್ಟು ನಿಲ್ಲುವುದು, ಮೇಜಿನ ಪಕ್ಕದಲ್ಲಿ ನಿಂತು ಭಾರವನ್ನು ಎಡದಿಂದ ಬಲಕ್ಕೆ ಸಾಗಿಸುವುದು. ಕೈಕೋಲನ್ನು ಬಲಹೀನವಾದ ಕಾಲಿನ ಕಡೆಗಲ್ಲ, ಅದಕ್ಕೆ ಎದುರಿನ ಕೈಯಲ್ಲಿ ಹಿಡಿಯಬೇಕೆಂಬಂತಹ ಸಣ್ಣ ಮಾತನ್ನು ಸಹ ಯಾರೂ ಹೇಳದೆ ವರ್ಷಾನುಗಟ್ಟಲೆ ತಪ್ಪಾಗಿ ಹಿಡಿದವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತಹ ಕಡೆಗಳಲ್ಲಿ ನರರೋಗ ಚಿಕಿತ್ಸೆಯ ಜೊತೆಗೆ ಪುನಶ್ಚೇತನದ ವಿಭಾಗವೂ ಇರುವುದು ಇದಕ್ಕಾಗಿಯೇ.

ಸ್ಖೀಡಾಮಿನಿಂದ ಪೂರ್ವಕ್ಕೆ, ಜರ್ಮನಿಯ ಗಡಿಗೆ ಸಮೀಪದಲ್ಲಿರುವ ನೈಮೇಖನ್ ನಗರದಲ್ಲಿ ಇದಕ್ಕಿಂತಲೂ ಸ್ವಾರಸ್ಯವಾದ ಒಂದು ಪಾಠಕ್ರಮವನ್ನು ರೂಪಿಸಿದರು. ಅದು ಮುದುಕರಿಗಾಗಿ ಏರ್ಪಡಿಸಿದ್ದು. ಐದು ವಾರಗಳ ಆ ತರಬೇತಿಯಲ್ಲಿ ಅಡೆತಡೆಗಳನ್ನು ಒಡ್ಡಿದ ಹಾದಿಯ ಮೇಲೆ ನಡೆಯುವುದನ್ನು ಕಲಿಸುತ್ತಾರೆ. ಅಷ್ಟೇ ಅಲ್ಲ, ಪೂರ್ವದೇಶಗಳ ಕಾಳಗವಿದ್ಯೆಯಿಂದ ಎರವಲು ತಂದ ಉಪಾಯಗಳಿಂದ, ಮೆತ್ತನೆಯ ಹಾಸಿನ ಮೇಲೆ, ಬೀಳುವುದನ್ನೇ ಕಲಿಸುತ್ತಾರೆ! ಕೈಯನ್ನು ಊರದೆ ಮೈಯನ್ನು ದುಂಡಾಗಿಸಿ ಹೊರಳಿದರೆ ಪೆಟ್ಟು ಕಡಿಮೆ. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ತರಬೇತಿ ಪಡೆದವರು ಬೀಳುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ನರರೋಗವುಳ್ಳವರು ಇಂತಹದನ್ನು ತಜ್ಞರ ಕಣ್ಣೆದುರಿನಲ್ಲಿಯೇ ಕಲಿಯಬೇಕೆಂಬುದು ನಿಜ. ಆದರೆ ಅದರ ಹಿಂದಿನ ತತ್ತ್ವ ಎಲ್ಲರಿಗೂ ಸಲ್ಲುವಂತಹದು: ಬೀಳುವುದು ನಾಚಿಕೆಯಲ್ಲ, ಅದೂ ಕಲಿಯಬೇಕಾದ ಒಂದು ವಿದ್ಯೆ, ಬಿದ್ದಾಗ ಹೊರಳಿ, ಮೊಣಕಾಲೂರಿ, ಹತ್ತಿರದ ಗಟ್ಟಿ ಕುರ್ಚಿಯನ್ನು ಹಿಡಿದು ಏಳುವುದೂ ಒಂದು ವಿದ್ಯೆ.

ಕುರ್ಚಿಯ ಕಥೆ

ಕುರ್ಚಿಯ ಮಾತು ಬಂದಾಗ ಹಾಲೆಂಡಿನ ಒಂದು ಪದ್ಧತಿಯನ್ನು ಹೇಳದೆ ಮುಗಿಸುವಂತಿಲ್ಲ. ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿತೆಂದರೆ ಅಲ್ಲಿನ ಜನಕ್ಕೆ ಹಬ್ಬ. ಈಚಿನ ವರ್ಷಗಳಲ್ಲಿ ಚಳಿ ಮೆತ್ತಗಾಗಿ ಆ ಹಬ್ಬ ಅಪರೂಪವಾಗಿದೆ. ಉತ್ತರದ ಫ್ರೀಸ್‌ಲ್ಯಾಂಡಿನ ಹನ್ನೊಂದು ಊರುಗಳನ್ನು ಸುತ್ತಿ ಸುಮಾರು 200 ಕಿಲೋಮೀಟರ್ ಸಾಗುವ ಪ್ರಸಿದ್ಧ ಜಾರಾಟದ ಪಂದ್ಯ 1997ರ ಅನಂತರ ನಡೆದೇ ಇಲ್ಲ. ಆದರೂ ನೀರು ಗಟ್ಟಿಯಾದ ದಿನ, ತಾಯಿತಂದೆಯರು ಅಡಿಗೆಮನೆಯಿಂದ ಒಂದು ಮರದ ಕುರ್ಚಿಯನ್ನು ಹೊತ್ತು ತರುತ್ತಾರೆ. ಅದನ್ನು ಮಂಜುಗಡ್ಡೆಯ ಮೇಲಿಟ್ಟು ಮಗುವಿನ ಕೈಯನ್ನು ಅದರ ಬೆನ್ನಿನ ಮೇಲಿರಿಸುತ್ತಾರೆ. ಮಗು ಕುರ್ಚಿಯನ್ನು ತಳ್ಳುತ್ತ ತಳ್ಳುತ್ತ, ಜಾರುತ್ತ, ತಡೆಯುತ್ತ, ಕಾಲನ್ನು ತಾನೇ ಕಂಡುಕೊಳ್ಳುತ್ತದೆ. ತಲೆಮಾರುಗಳಿಂದ ಹಾಲೆಂಡಿನ ಮಕ್ಕಳು ಹೀಗೆಯೇ ಕಲಿತರು. ಕುರ್ಚಿ ಹಿಡಿದುದಕ್ಕಾಗಿ ಆ ಮಗುವನ್ನು ಯಾರೂ ಹಂಗಿಸುವುದಿಲ್ಲ; ಅಪಾಯವೆಂದು ಯಾರೂ ಅದನ್ನು ಮನೆಯೊಳಗೆ ಕೂಡಿಹಾಕುವುದೂ ಇಲ್ಲ.

ಇದೇ ಊರಿನ ಮನೆಯೊಂದರಲ್ಲಿ ಆರು ಶತಮಾನಗಳ ಹಿಂದೆ ಲಿಡ್ವಿನಾ ಕುರ್ಚಿಯಿಂದ ಬೆಂಚಿಗೆ, ಬೆಂಚಿನಿಂದ ಗೋಡೆಗೆ ಕೈ ಬದಲಿಸುತ್ತ ನಡೆದಳು. ಈಗಲೂ ರೋಗದ ಮೊದಲ ದಿನಗಳಲ್ಲಿ ಬಹುಮಂದಿ ಮಾಡುವುದು ಅದನ್ನೇ. ಮೇಜಿನ ಅಂಚು, ಬಾಗಿಲ ಚೌಕಟ್ಟು, ಬೀರುವಿನ ಮೂಲೆ - ಇವೇ ಅವರ ಊರುಗೋಲು. ಕೋಲು ಹಿಡಿಯಿರಿ ಎಂದರೆ ಒಪ್ಪುವುದಿಲ್ಲ. ಅದು ಸೋಲೊಪ್ಪಿದಂತೆ ಎಂದು ಅವರ ಭಾವನೆ. ಆದರೆ ಮೇಜು ಸರಿಯಬಹುದು, ಬೀರುವಿನ ಬಾಗಿಲು ತೆರೆದುಕೊಳ್ಳಬಹುದು, ಕೋಲು ಹಾಗಲ್ಲ. ಸರಿಯಾದ ಅಳತೆಯ ಕೋಲಾಗಲಿ, ಚಕ್ರವುಳ್ಳ ನಡೆಗಾಡಿಯಾಗಲಿ, ಮಂಜುಗಡ್ಡೆಯ ಮೇಲಿನ ಆ ಕುರ್ಚಿಯಂತೆ, ನಿಂತವನನ್ನು ಮುಂದಕ್ಕೆ ಕರೆದೊಯ್ಯುವ ಸಾಧನವೇ ಹೊರತು ಕೂಡಿಸುವ ಸಾಧನವಲ್ಲ.

ಸ್ಖೀಡಾಮಿನ ಬೀದಿಗಳಲ್ಲಿ ಈಗ ಅಂತಹ ನಡೆಗಾಡಿಗಳು ಧಾರಾಳವಾಗಿ ಕಾಣುತ್ತವೆ. ಮುಂದೆ ತಂತಿಯ ಬುಟ್ಟಿ, ಅದರಲ್ಲಿ ರೊಟ್ಟಿ, ಹೂವು. ದಣಿವಾದಾಗ ಕುಳಿತುಕೊಳ್ಳಲು ಅದಕ್ಕೇ ಒಂದು ಆಸನ. ಸೇತುವೆಯ ಏರು ಬಂದಾಗ ಅವರು ನಿಲ್ಲುತ್ತಾರೆ. ಉಸಿರು ತಿರುಗಿಸಿಕೊಂಡು, ನೆಲವನ್ನು ನೋಡಿಕೊಂಡು, ನಿಧಾನವಾಗಿ ಏರುತ್ತಾರೆ. ಹಿಂದೆ ಬಂದವರು ಕಾಯುತ್ತಾರೆ.

ಸಂಜೆಯಾದಾಗ ಗಾಳಿಯಂತ್ರಗಳ ಉದ್ದನೆಯ ನೆರಳು ಕಾಲುವೆಯ ನೀರಿನ ಮೇಲೆ ಬೀಳುತ್ತದೆ. 1498ರ ಆ ಚಿತ್ರದಲ್ಲಿ ಬಿದ್ದ ಹುಡುಗಿಯನ್ನು ಎರಡು ಕೈಗಳು ಹಿಡಿದಿವೆಯೆಂಬುದನ್ನು ಕಲಾವಿದನು ಮರೆಯದೆ ಕೆತ್ತಿದ್ದಾನೆ. ಆಕೆಯನ್ನು ಹಾಸಿಗೆಗೆ ಒಯ್ಯಲು ಹಿಡಿದ ಕೈಗಳೆಂದು ಚರಿತ್ರೆ ಹೇಳುತ್ತದೆ. ಇಂದು ಅದೇ ಚಿತ್ರವನ್ನು ನೋಡುವವರಿಗೆ ಮಾತ್ರ ಆ ಕೈಗಳಿಂದ ಇನ್ನೊಂದು ಕೆಲಸವೂ ಸಾಧ್ಯವಿತ್ತೆಂದು ತೋರದಿರದು: ಬಿದ್ದವರನ್ನು ಎತ್ತಿ, ಕುರ್ಚಿಯ ಬೆನ್ನನ್ನು ಅವರ ಕೈಗೆ ಕೊಟ್ಟು, ಮತ್ತೆ ಒಂದು ಹೆಜ್ಜೆ ಇಡುವವರೆಗೆ ಪಕ್ಕದಲ್ಲಿ ನಿಂತಿರುವುದು.